ಪೇಂಟರ್ ಕಾಕಾ ಬರೆದ ವಿಮಾನಗಳು

ಇವತ್ತು ಬೆಳಿಗ್ಗೆ ನಮ್ಮ ಬೆಳಗಾವಿಯ ಸಾಂಬ್ರಾ ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಒಂದು ಫ್ಲೆಕ್ಸ್ ಮುಂದೆ ಹತ್ತು ನಿಮಿಷ ನಿಂತಿದ್ದೆ. ಮೈಯೆಲ್ಲ ಉರಿಯುತ್ತಿತ್ತು. ಅಕ್ಟೋಬರ್ 8, ವಾಯುಪಡೆ ದಿನ. ದೊಡ್ಡ ಅಕ್ಷರದಲ್ಲಿ ಶುಭಾಶಯ, ಕೆಳಗೆ ಸಾಲಾಗಿ ಕೈ ಮುಗಿದ ಮುಖಗಳು, ನಟ್ಟನಡುವೆ ಒಂದು ಯುದ್ಧವಿಮಾನ. ಆ ವಿಮಾನ ಎಫ್-16!

ಹೊಟ್ಟೆಯ ಕೆಳಗೆ ಬಾಯಿ ತೆರೆದ ಹಾಗೆ ಗಾಳಿ ಎಳೆಯುವ ಒಂದೇ ಕಿಂಡಿ, ಹಿಂದೆ ಒಂದೇ ಬಾಲ. ಒಮ್ಮೆ ಗುರುತು ಹಿಡಿದವರು ಮತ್ತೆ ಮರೆಯಲ್ಲ. ಅಮೆರಿಕದವರು ಮಾಡಿದ ವಿಮಾನ ಅದು. ನಮ್ಮ ವಾಯುಪಡೆಯಲ್ಲಿ ಒಂದೂ ಇಲ್ಲ. ಪಾಕಿಸ್ತಾನದ ಹತ್ತಿರ ಇದೆ. ನಮ್ಮ ವಾಯುಪಡೆ 1932ರಲ್ಲಿ ಹುಟ್ಟಿದ್ದು. ಅದರ ಹುಟ್ಟಿದ ದಿನಕ್ಕೆ, ಅದೂ ವಾಯುಪಡೆಯ ಹುಡುಗರು ತರಬೇತಿ ಪಡೆಯುವ ಸಾಂಬ್ರಾದ ರಸ್ತೆಯಲ್ಲಿ, ಎದುರು ಪಕ್ಷದ ವಿಮಾನ ಹಾಕಿ ಶುಭಾಶಯ ಕೋರಿದ್ದಾರೆ.

ಪೇಂಟರ್ ಕಾಕಾ ಇದ್ದಿದ್ದರೆ ಮಧ್ಯಾಹ್ನದೊಳಗೆ ಅದನ್ನು ಇಳಿಸುತ್ತಿದ್ದರು. ಜಗಳ ಮಾಡಿ ಅಲ್ಲ. ಹಾಕಿದವರ ಮನೆಗೇ ಹೋಗಿ, ಚಹಾ ಕುಡಿದು, ಜೇಬಿನಿಂದ ಪೆನ್ಸಿಲ್ ತೆಗೆದು, ಅವರ ಮನೆಯ ಕ್ಯಾಲೆಂಡರ್ ಹಿಂದೆಯೇ ನಮ್ಮ ವಾಯುಪಡೆಯ ಸುಖೋಯ್ ಯುದ್ಧವಿಮಾನ ಹೇಗಿರುತ್ತದೆ ಅಂತ ಬರೆದು ತೋರಿಸುತ್ತಿದ್ದರು. "ನೋಡ್ರಿ, ಇದಕ್ಕ ಎರಡು ಬಾಲ ಇರ್ತಾವ. ನಮ್ಮದು ಇದು."

ಕಾಕಾ ಹೋಗಿ ಶ್ರಾವಣಕ್ಕೆ ಎರಡು ವರ್ಷ ಆಯಿತು. ನನ್ನ ಹಳೆಯ ಗೆಳೆಯರಿಗೆಲ್ಲ ಅವರು ಗೊತ್ತು. ಊರಿನ ಅರ್ಧ ಅಂಗಡಿಗಳ ಬೋರ್ಡ್ ಬರೆದ ಕೈ ಅದು, ಒಂದೇ ಬೋರ್ಡಿನಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಒಂದೇ ಅಂದದಲ್ಲಿ. ಆದರೆ ಅದು ಹೊಟ್ಟೆಪಾಡು. ಅವರ ಜೀವ ಇದ್ದದ್ದು ವಿಮಾನದಲ್ಲಿ. ಅವರು ತೀರಿಕೊಂಡ ದಿನ ಜನ "ಬೋರ್ಡ್ ಬರೀತಿದ್ದರಲ್ಲ, ಅವರು ಹೋದರಂತೆ" ಅಂದರು. ವಿಮಾನದ ಚಿತ್ರ ಬರೆಯುವವರು ಅಂತ ಒಬ್ಬರೂ ಹೇಳಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇವತ್ತಿನ ಫ್ಲೆಕ್ಸ್ ಅದರ ಮೇಲೆ ಉಪ್ಪು ಸುರಿಯಿತು.

ನಮ್ಮ ಭಾನುವಾರದ ಗುಂಪು ನೆನಪಾಗುತ್ತಿದೆ. ವಿಮಾನ ನಿಲ್ದಾಣದ ಬೇಲಿಯಿಂದ ಸ್ವಲ್ಪ ದೂರ, ಬೇವಿನ ಮರದ ಕೆಳಗೆ ಅಕ್ಕನ ಚಹಾ ಅಂಗಡಿ. ವಾಯುಪಡೆಯಿಂದ ರಿಟೈರ್ ಆಗಿ ಇಲ್ಲೇ ಮನೆ ಕಟ್ಟಿಕೊಂಡ ಸರ್, ಸಾಮಾನು ಹೇರುವ ಕೆಲಸದ ಹುಡುಗ, ಇಬ್ಬರು ಟ್ಯಾಕ್ಸಿ ಡ್ರೈವರ್‌ಗಳು, ಪಕ್ಕದ ಹೊಲದ ಮಾಮಾ, ಕಾಕಾ, ನಾನು. ಮಾಮಾನ ಜೋಳದ ಹೊಲದ ಮೇಲೆಯೇ ವಿಮಾನ ಇಳಿಯುತ್ತಿತ್ತು. ಯಾರಿಗೂ ಯಾರಿಂದಲೂ ಏನೂ ಆಗಬೇಕಾಗಿರಲಿಲ್ಲ. ಸುಮ್ನೆ ಕೂತು ಆಕಾಶ ನೋಡುತ್ತಿದ್ದೆವು.

2018ರಲ್ಲಿ ನಮ್ಮ ನಿಲ್ದಾಣ ಬಿಟ್ಟು ವಿಮಾನಗಳು ಹುಬ್ಬಳ್ಳಿ ನಿಲ್ದಾಣಕ್ಕೆ ಹೋದಾಗ ಆ ಮರದ ಕೆಳಗೆ ಸಾವಿನ ಮನೆಯಂತಿತ್ತು. ಹಿಂದಿನ ವರ್ಷ, 2017ರ ಸೆಪ್ಟೆಂಬರ್‌ನಲ್ಲಿ, ಹೊಸ ಟರ್ಮಿನಲ್ ಉದ್ಘಾಟನೆ ಆಗಿತ್ತು. ರನ್‌ವೇ 2300 ಮೀಟರ್ ಆಗಿತ್ತು. ಅಷ್ಟೆಲ್ಲ ಆದ ಮೇಲೆ ಆಕಾಶವೇ ಖಾಲಿ. ಟ್ಯಾಕ್ಸಿಯವರು ಬೇರೆ ಸ್ಟ್ಯಾಂಡಿಗೆ ಹೋದರು. ಕಾಕಾ ಮಾತ್ರ ಭಾನುವಾರ ತಪ್ಪಿಸಲಿಲ್ಲ. "ರನ್‌ವೇ ಎಲ್ಲಿಗೂ ಹೋಗಂಗಿಲ್ಲ ತಮ್ಮಾ, ವಿಮಾನ ಬರ್ತಾವ" ಅಂದರು. ಬಂದವು ಕೂಡ. ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ ಹೊಸ ದಾರಿಗಳು ಸಿಕ್ಕ ಮೇಲೆ ಮತ್ತೆ ಆ ಮರದ ಕೆಳಗೆ ಗದ್ದಲ.

ಬೇಲಿ ಹತ್ತಿರ ಫೋಟೋ ತೆಗೆಯುವ ಹಾಗಿಲ್ಲ, ಪಕ್ಕದಲ್ಲೇ ವಾಯುಪಡೆಯ ಜಾಗ. ಕಾಕಾ ಆ ನಿಯಮವನ್ನು ಒಂದು ದಿನವೂ ಮುರಿಯಲಿಲ್ಲ. ವಿಮಾನ ಇಳಿಯುವಾಗ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಆಮೇಲೆ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ಬರೆಯುತ್ತಿದ್ದರು. ಮನೆಗೆ ಹೋಗುವವರೆಗೆ ಯಾರ ಜೊತೆಗೂ ಮಾತಿಲ್ಲ. ಮುಂದಿನ ಭಾನುವಾರ ಚಿತ್ರ ತರುತ್ತಿದ್ದರು. ಸರ್ ಕನ್ನಡಕ ಹಾಕಿಕೊಂಡು ಪರೀಕ್ಷೆ ಮಾಡುತ್ತಿದ್ದರು. ತಪ್ಪು ಸಿಗುವುದು ಅಪರೂಪ.

ಎಟಿಆರ್ ಅನ್ನುವ ಪ್ರೊಪೆಲ್ಲರ್ ಇರುವ ಸಣ್ಣ ಪ್ರಯಾಣಿಕ ವಿಮಾನ ಬರೆಯುವಾಗ ಒಮ್ಮೆ ಪಕ್ಕದಲ್ಲೇ ಕೂತಿದ್ದೆ. ಎಟಿಆರ್‌ನ ರೆಕ್ಕೆ ಮೈಯ ಮೇಲುಗಡೆ ಇರುತ್ತದೆ, ಹಾಗಾಗಿ ಚಕ್ರಗಳು ರೆಕ್ಕೆಯೊಳಗೆ ಮಡಚುವುದಿಲ್ಲ. ಹೊಟ್ಟೆಯ ಎರಡೂ ಬದಿ ಉಬ್ಬು ಇದೆಯಲ್ಲ, ಅದರೊಳಗೆ ಸೇರುತ್ತವೆ. ಆ ಉಬ್ಬಿನ ನೆರಳನ್ನು ಮೂರು ಸಲ ಅಳಿಸಿ ಬರೆದರು. ತಿರುಗುವ ಪ್ರೊಪೆಲ್ಲರ್‌ಗೆ ಬ್ಲೇಡುಗಳನ್ನು ಬರೆಯಲೇ ಇಲ್ಲ. ಬ್ರಷ್ಷನ್ನು ಹಳೆ ಬನಿಯನ್ನಿಗೆ ಒರೆಸಿ ಒರೆಸಿ, ಬಣ್ಣ ಇದೆಯೋ ಇಲ್ಲವೋ ಅನ್ನುವ ಹಾಗೆ ಮಾಡಿಕೊಂಡು, ಒಂದೇ ಸುತ್ತು ಎಳೆದರು. ಅಷ್ಟೇ. ಹಿಂದಿನ ಮೋಡವೂ ಕಾಣುತ್ತಿತ್ತು, ಪ್ರೊಪೆಲ್ಲರ್ ತಿರುಗುತ್ತಲೂ ಇತ್ತು. "ಬ್ಲೇಡ್ ಬರದ್ರ ವಿಮಾನ ನಿಂತಬಿಡ್ತೈತಿ" ಅಂದರು.

ಇನ್ನು ಹಂಟರ್ ಚಿತ್ರ. ಹಂಟರ್ ಅಂದರೆ ನಮ್ಮ ವಾಯುಪಡೆಯ ಹಳೆಯ ಜೆಟ್ ಯುದ್ಧವಿಮಾನ. ಅಕ್ಕನ ಚಹಾ ಅಂಗಡಿಯ ಹಿಂದಿನ ಗೋಡೆಯಲ್ಲಿ ನಾಲ್ಕು ಅಡಿಯ ಹಾರ್ಡ್‌ಬೋರ್ಡ್ ಮೇಲೆ ಇತ್ತಲ್ಲ, ನೋಡಿದವರು ಮರೆತಿರಲಿಕ್ಕಿಲ್ಲ. 1961ರ ಡಿಸೆಂಬರ್ 18, ಗೋವಾ ವಿಮೋಚನೆಯ ಕಾರ್ಯಾಚರಣೆ. ಅವತ್ತು ನಮ್ಮ ಸಾಂಬ್ರಾದಿಂದ ಆರು ಹಂಟರ್ ವಿಮಾನಗಳು ಎದ್ದು ಬಾಂಬೋಳಿಯ ಪೋರ್ಚುಗೀಸರ ವೈರ್‌ಲೆಸ್ ಕೇಂದ್ರದ ಮೇಲೆ ರಾಕೆಟ್ ಹಾಕಿದವು. ಪುಣೆಯಿಂದ ಹೊರಟ ಕ್ಯಾನ್‌ಬೆರಾ ಬಾಂಬರ್ ವಿಮಾನಗಳು ದಾಬೋಳಿ ರನ್‌ವೇ ಹೊಡೆದವು. ಇಲ್ಲಿಂದ ಬಾಂಬೋಳಿ ನೇರ ಗೆರೆ ಎಳೆದರೆ ನೂರು ಕಿಲೋಮೀಟರ್ ಕೂಡ ಇಲ್ಲ. ಕಾಕಾಗೆ ಆಗ ಹನ್ನೆರಡು ವರ್ಷ. ಅಪ್ಪನ ಜೊತೆ ಹೊಲದಲ್ಲಿದ್ದರಂತೆ. ಸದ್ದಿಗೆ ಎತ್ತುಗಳು ನೊಗ ಸಮೇತ ಓಡಿದವಂತೆ. ಅಪ್ಪ ಎತ್ತಿನ ಹಿಂದೆ ಓಡಿದರು, ಮಗ ಆಕಾಶ ನೋಡುತ್ತ ನಿಂತುಬಿಟ್ಟ.

ಆ ಆರು ವಿಮಾನಗಳನ್ನು ಕಾಕಾ ಜೀವನವಿಡೀ ಬರೆದರು. ಅಕ್ಕನ ಅಂಗಡಿಯದು ಎಷ್ಟನೆಯದೋ. ಗೋವಾ ಪಶ್ಚಿಮಕ್ಕೆ, ಬೆಳಗಿನ ಸೂರ್ಯ ಪೂರ್ವಕ್ಕೆ. ಹಾಗಾಗಿ ಬಾಲದ ಮೇಲೆ ಬಿಸಿಲು, ಮೂಗಿನ ಮೇಲೆ ನೆರಳು. ರೆಕ್ಕೆ ಮೈಗೆ ಸೇರುವಲ್ಲಿ ಗಾಳಿ ಎಳೆಯುವ ಕಿಂಡಿಗಳು. ಮೂಗಿನ ಕೆಳಗೆ ಎರಡು ಸಣ್ಣ ಉಬ್ಬುಗಳು, ಗುಂಡುಗಳನ್ನು ಪೋಣಿಸಿದ ಬೆಲ್ಟಿನಿಂದ, ಗುಂಡು ಹಾರಿದ ಮೇಲೆ ಕಳಚುವ ಕೊಂಡಿಗಳು ಬಂದು ಬೀಳುವ ಜಾಗ. ವಾಯುಪಡೆಯ ವೃತ್ತದ ಗುರುತಿನಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಇದನ್ನು ಉಲ್ಟಾ ಬರೆಯುವವರನ್ನು ಕಂಡರೆ ಕಾಕಾಗೆ ಆಗುತ್ತಿರಲಿಲ್ಲ. ವಿಮಾನಗಳು ಎನಾಮೆಲ್‌ನಲ್ಲಿ, ಅಂಗಡಿ ಬೋರ್ಡ್ ಬರೆದು ಉಳಿದ ಡಬ್ಬಿಗಳಿಂದ. ಆಕಾಶ ಮಾತ್ರ ನೀರಲ್ಲಿ ಕಲಸುವ ಪೋಸ್ಟರ್ ಕಲರ್. ಎನಾಮೆಲ್ ಹೊಳೆಯುತ್ತದೆ, ಡಿಸೆಂಬರ್ ಬೆಳಗಿನ ಆಕಾಶ ಹೊಳೆಯಬಾರದು ಅಂತ.

ಒಬ್ಬ ಮನುಷ್ಯ ಒಂದು ಕೊಂಡಿಯ ಉಬ್ಬಿಗೆ ಅಷ್ಟು ಬೆಲೆ ಕೊಟ್ಟ ಊರಿನಲ್ಲಿ ಇವತ್ತು ಎಫ್-16!

ಮಧ್ಯಾಹ್ನ ಫ್ಲೆಕ್ಸ್ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ಮರ್ಯಾದೆಯಿಂದಲೇ ಮಾತಾಡಿದ. "ಸರ್, ಭಾವನೆ ಮುಖ್ಯ ಅಲ್ವಾ? ವಿಮಾನ ಯಾವುದಾದರೇನು, ಯಾರು ನೋಡ್ತಾರೆ?" ಅಂದ. ನನ್ನ ಒಬ್ಬಿಬ್ಬರು ಗೆಳೆಯರೂ ಇದನ್ನೇ ಹೇಳಿದರು, ಒಳ್ಳೆ ಮನಸ್ಸಿನಿಂದ ಹಾಕಿದ್ದಾರೆ, ಬಿಡು ಅಂತ. ಮನಸ್ಸು ಒಳ್ಳೆಯದೇ ಇರಬಹುದು. ಆದರೆ ನಿಮ್ಮ ತಂದೆಯ ಪುಣ್ಯತಿಥಿಯ ಬೋರ್ಡಿಗೆ ಬೇರೆ ಯಾರದೋ ಫೋಟೋ ಹಾಕಿ, ಭಾವನೆ ಮುಖ್ಯ ಅಂದರೆ ಒಪ್ಪುತ್ತೀರಾ? ನೋಡುವವರು ಇದ್ದಾರೆ. ಸಾಂಬ್ರಾದಲ್ಲಿ ತರಬೇತಿಗೆ ಬಂದ ಹತ್ತೊಂಬತ್ತು ವರ್ಷದ ಹುಡುಗ ಸಂತೆಗೆ ಹೊರಟಾಗ ಇದೇ ರಸ್ತೆಯಲ್ಲಿ ಹೋಗುತ್ತಾನೆ. ಅವನಿಗೆ ಖಂಡಿತ ಗೊತ್ತಾಗುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಾಕಾ ಇದ್ದಾಗ ಹೇಳಲು ನನಗೆ ಧೈರ್ಯ ಬರಲಿಲ್ಲ. ನನ್ನ ಅಂಗಡಿ ಹೊಸದು ಮಾಡಿದಾಗ ನಾನೂ ಫ್ಲೆಕ್ಸ್ ಬೋರ್ಡನ್ನೇ ಹಾಕಿಸಿದೆ. ಕಾಕಾ ಎಂಟು ದಿನ ಬೇಕು ಅನ್ನುತ್ತಿದ್ದರು, ಫ್ಲೆಕ್ಸ್‌ನವರು ಸಂಜೆಗೇ ಕೊಟ್ಟರು. ದುಡ್ಡೂ ಕಡಿಮೆ. ಪೂಜೆಯ ದಿನ ಕಾಕಾ ಅರ್ಧ ಕಿಲೋ ಕುಂದಾ ಹಿಡಿದುಕೊಂಡು ಬಂದರು. ಬಾಗಿಲಲ್ಲಿ ನಿಂತು ತಲೆ ಎತ್ತಿ ಬೋರ್ಡ್ ನೋಡಿದರು. ಏನೂ ಅನ್ನಲಿಲ್ಲ. ಒಳಗೆ ಬಂದು ಪ್ರಸಾದ ತಗೊಂಡರು, ನನ್ನ ಮಗಳ ನೋಟ್‌ಬುಕ್ಕಿನಲ್ಲಿ ಒಂದು ಸಣ್ಣ ವಿಮಾನ ಬರೆದುಕೊಟ್ಟು ಹೋದರು. ಒಂದು ಮಾತು ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಅವರ ಕೈಗೆ ಕೆಲಸ ಇಲ್ಲದ ಹಾಗೆ ಮಾಡಿದವರಲ್ಲಿ ನಾನೂ ಒಬ್ಬ. ಇವತ್ತು ಆ ಫ್ಲೆಕ್ಸ್ ಮುಂದೆ ಹತ್ತು ನಿಮಿಷ ನಿಂತಾಗ ಉರಿದದ್ದರಲ್ಲಿ ಅರ್ಧ ಇದೇ.

ಸಂಜೆ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅಂಗಡಿ ಮುಚ್ಚಿದ ಮೇಲೆ ಹಂಟರ್ ಬೋರ್ಡ್ ಎಲ್ಲಿ ಹೋಯಿತು ಅಂತ ನಾವು ಯಾರೂ ಕೇಳಿರಲಿಲ್ಲ, ಅದೂ ನಮ್ಮದೇ ತಪ್ಪು. "ಅಟ್ಟದ ಮ್ಯಾಲ ಐತ್ರೀ ಅಣ್ಣಾ. ಅವ್ವ ಶೇಂಗಾ ಚೀಲದ ಹಿಂದ ಇಟ್ಟಾಳ. ಒಂದು ಮೂಲಿಗೆ ಗೆದ್ದಲ ಹತ್ತೈತಿ, ವಿಮಾನ ಆರೂ ಅದಾವ" ಅಂದ. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ ನನಗೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅದನ್ನು ಕೆಳಗಿಳಿಸುತ್ತೇವೆ. ಸರ್ ಬರುತ್ತಾರೆ, ಸಾಮಾನು ಹೇರುವ ಹುಡುಗ ಡ್ಯೂಟಿ ಬದಲಿಸಿಕೊಂಡಿದ್ದಾನೆ, ಮಾಮಾನನ್ನು ನಾನೇ ಕರೆದುಕೊಂಡು ಬರುತ್ತೇನೆ. ಹಳೆಯ ಗುಂಪಿನವರು ಯಾರೇ ಓದುತ್ತಿದ್ದರೂ ಬನ್ನಿ. ಬರುವಾಗ ಒಣಗಿದ ಮೆತ್ತನೆ ಬಟ್ಟೆ ತನ್ನಿ. ಯಾರೂ ನೀರು ಹಚ್ಚಬೇಡಿ. ಆಕಾಶ ಪೋಸ್ಟರ್ ಕಲರ್‌ನಲ್ಲಿದೆ.