ಹಳೆಯ ಗಾಡಿಗೆ ಹೊಸ ಸವಾರ

ಮೋಟಾರ್ ಸೈಕಲ್ ಓಡಿಸಿಯೇ ಗೊತ್ತಿಲ್ಲದವನು ಅಗ್ಗಕ್ಕೆ ಸಿಕ್ಕ ಹಳೆಯ ಗಾಡಿಯೊಂದನ್ನು ಸರಿಮಾಡಿ, ಅದರಲ್ಲಿಯೇ ಸವಾರಿ ಕಲಿಯಲು ಹೊರಟಾಗ ಎದುರಾಗುವ ದೊಡ್ಡ ತೊಡಕು ಬಿಡಿಭಾಗಗಳದ್ದಲ್ಲ, ಹಣದ್ದೂ ಅಲ್ಲ; ಗಾಡಿಯೆಂದರೆ ಹೇಗಿರಬೇಕೆಂಬ ಅಂದಾಜೇ ಅವನಿಗೆ ಇರುವುದಿಲ್ಲ. ಅನುಭವಸ್ಥರು ಕಿವಿಗೊಟ್ಟ ಕೂಡಲೇ ಇದು ಟ್ಯಾಪೆಟ್ಟಿನ ಸದ್ದು, ಅದು ಬೇರಿಂಗಿನ ಸದ್ದು ಎಂದು ವಿಂಗಡಿಸುತ್ತಾರೆ. ನನ್ನ ಪಾಲಿಗೆ ಎಲ್ಲ ಸದ್ದುಗಳೂ ಸಮಾನ ಗೌರವಕ್ಕೆ ಅರ್ಹವಾಗಿದ್ದವು. ಹಿಡಿಕೆ ಹಿಡಿದ ಕೈ ಜೋಮುಗಟ್ಟಿದರೆ ಮೋಟಾರ್ ಸೈಕಲ್ಲಿನ ಸ್ವಭಾವವೇ ನಡುಕವೆಂದು ತಿಳಿಯುತ್ತಿದ್ದೆ. ಬ್ರೇಕು ಒತ್ತಿದ ಮೇಲೂ ಗಾಡಿ ತನಗೆ ತೋಚಿದಷ್ಟು ದೂರ ಸಾಗಿ ನಿಂತರೆ, ಲೋಕದ ಸವಾರರೆಲ್ಲರೂ ಇಷ್ಟೊಂದು ಮುಂದಾಲೋಚನೆಯಿಂದ ಬದುಕುತ್ತಾರಲ್ಲ ಎಂದು ಅವರ ಬಗ್ಗೆ ಮೆಚ್ಚುಗೆ ಪಡುತ್ತಿದ್ದೆ.

ಗಾಡಿ ಒಂದೇ ಸಿಲಿಂಡರಿನ, ನಾಲ್ಕು ಸ್ಟ್ರೋಕಿನ, ಹಳೆಯ ಬ್ರಿಟಿಷ್ ವಿನ್ಯಾಸದ್ದು. ಮಾರಿದವರು ಹೇಳಿದ ಮಾತು ಒಂದೇ: “ನಿಲ್ಲಿಸಿದಾಗ ಚೆನ್ನಾಗಿಯೇ ಓಡುತ್ತಿತ್ತು.” ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸತ್ತವರೆಲ್ಲರೂ ಸಾಯುವ ಹಿಂದಿನ ಗಳಿಗೆಯವರೆಗೆ ಬದುಕಿದ್ದವರೇ ತಾನೇ.

ಟ್ಯಾಂಕಿನಿಂದ ಶುರುಮಾಡಬೇಕೆಂದು ಬಲ್ಲವರೆಲ್ಲರೂ ಹೇಳಿದರು. ಹಳೆಯ ಟ್ಯಾಂಕಿನ ಖಾಲಿ ಜಾಗದಲ್ಲಿ ಗಾಳಿಯ ತೇವ ನೀರಾಗಿ ಇಳಿಯುತ್ತದೆ; ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳ ಸೇರಿ, ಅಲ್ಲಿ ತುಕ್ಕನ್ನು ನಿಧಾನವಾಗಿ ಸಾಕುತ್ತದೆ. ವಿನೆಗರ್ ತುಂಬಿ ಕೆಲವು ದಿನ ಬಿಟ್ಟು, ಒಳಗೆ ಒಂದು ಹಿಡಿ ನಟ್ಟುಗಳನ್ನು ಹಾಕಿ ಕುಲುಕಿದರೆ ತುಕ್ಕು ಉದುರುತ್ತದೆಂಬುದು ಸರ್ವಸಮ್ಮತ ವಿಧಾನ. ಆ ನಟ್ಟುಗಳನ್ನು ಎಣಿಸಿ ಹಾಕಬೇಕೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಟ್ಯಾಂಕು ಚೌಕಟ್ಟಿನ ಕೊಳವೆಯ ಮೇಲೆ ಜೀನಿನಂತೆ ಕೂರುವುದರಿಂದ ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಉಬ್ಬು ಇರುತ್ತದೆ. ಬಲಕ್ಕೆ ವಾಲಿಸಿದರೆ ನಟ್ಟು ಆ ಉಬ್ಬಿನ ಎಡಕ್ಕೆ, ಎಡಕ್ಕೆ ವಾಲಿಸಿದರೆ ಬಲಕ್ಕೆ ಸಿಕ್ಕಿಕೊಳ್ಳುತ್ತದೆ. ಕಡೆಯ ನಟ್ಟು ಹೊರಬಂತೆಂದು ನಿಟ್ಟುಸಿರು ಬಿಟ್ಟು ಟ್ಯಾಂಕನ್ನು ಕೆಳಗಿಳಿಸಿದಾಗಲೆಲ್ಲ ಒಳಗಿನಿಂದ “ಟಣ್” ಎಂಬ ಭಿನ್ನಾಭಿಪ್ರಾಯ ಕೇಳಿಸುತ್ತಿತ್ತು. ವಿನೆಗರಿನಲ್ಲಿ ತೊಳೆದ ಕಬ್ಬಿಣವನ್ನು ಒಡನೆಯೇ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಜಾಲಾಡಿ ಒಣಗಿಸದಿದ್ದರೆ ನೋಡನೋಡುತ್ತಿದ್ದಂತೆಯೇ ಹೊಸ ತುಕ್ಕು ಹಿಡಿಯುತ್ತದೆ. ಅದನ್ನೂ ನೋಡಿದ್ದಾಯಿತು.

ಅಂತೂ ಒಳಗೋಡೆ ಬೆಳ್ಳಗಾಯಿತು. ಪೆಟ್ರೋಲು ತುಂಬಿದೆ. ಟ್ಯಾಂಕಿನ ಅಡಿಯಲ್ಲಿ ಬೆವರಿನ ಹನಿಗಳಂತೆ ಪೆಟ್ರೋಲು ಮೂಡತೊಡಗಿತು. ಅಷ್ಟು ವರ್ಷ ಆ ಟ್ಯಾಂಕು ಸೋರದಂತೆ ಕಾಪಾಡಿದ್ದದ್ದು ತುಕ್ಕೇ! ಬೆಸುಗೆ ಹಾಕಿಸಲು ಒಯ್ದರೆ, “ಖಾಲಿ ಇದೆ, ಏನೂ ಭಯವಿಲ್ಲ” ಎಂದು ನಾನು ಭರವಸೆ ಕೊಟ್ಟಷ್ಟೂ ಬೆಸುಗೆಯವರು ಹಿಂದೆ ಹಿಂದೆ ಸರಿದರು. ಗಾಳಿಯೊಡನೆ ಬೆರೆತ ಆವಿಯೇ ಸಿಡಿಯುವುದರಿಂದ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯಕಾರಿ. ಅದನ್ನು ಚೆನ್ನಾಗಿ ತೊಳೆದು, ನೀರು ತುಂಬಿಸಿ ತರುವವರೆಗೆ ಅವರು ನನ್ನೊಡನೆ ಅಂಗಳದ ಆಚೆ ತುದಿಯಿಂದಲೇ ಮಾತನಾಡಿದರು.

ಸ್ಪ್ಯಾನರುಗಳ ಕತೆ ಇದಕ್ಕಿಂತ ಹಳೆಯದು. ತಿರುಪಿನ ಹಲ್ಲುಗಳಿಗೆ ದೇಶಕ್ಕೆಲ್ಲ ಒಂದೇ ಅಳತೆಯಿರಲಿ ಎಂದು ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್ 1841ರಲ್ಲಿ ಇಂಗ್ಲೆಂಡಿನಲ್ಲಿ ಸಲಹೆ ಮಾಡಿದರು. ಉದ್ದೇಶ ದೊಡ್ಡದು; ಹಾಗಾಗಿ ನನ್ನ ಕೈಬೆರಳ ಗೆಣ್ಣುಗಳ ಪರವಾಗಿ ಅವರನ್ನು ದೂರುವುದಿಲ್ಲ. ಆದರೆ ಆ ಪದ್ಧತಿಯ ಸ್ಪ್ಯಾನರಿನ ಮೇಲೆ ಬರೆದಿರುವುದು ಅದರ ಬಾಯಿಯ ಅಗಲವಲ್ಲ, ಬೋಲ್ಟಿನ ಕಾಂಡದ ದಪ್ಪ. ಕಾಲು ಇಂಚು ಎಂದು ಬರೆದಿರುವ ಸ್ಪ್ಯಾನರಿನ ಬಾಯಿ ಅರ್ಧ ಇಂಚಿಗಿಂತಲೂ ಅಗಲ. ಸಾಲದೆಂದು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸಲು ಬೋಲ್ಟಿನ ತಲೆಯನ್ನು ಒಂದು ಅಳತೆ ಕಿರಿದು ಮಾಡಿದರಾಗಿ, ಒಂದೇ ಬಾಯಿಗೆ ಎರಡೆರಡು ಅಳತೆಗಳನ್ನು ಕೆತ್ತಿರುವುದೂ ಉಂಟು. ಈ ಇತಿಹಾಸವೆಲ್ಲ ನನಗೆ ತಿಳಿದದ್ದು, ನನ್ನಲ್ಲಿದ್ದ ಹೊಸ ಮಿಲಿಮೀಟರ್ ಸ್ಪ್ಯಾನರುಗಳಲ್ಲಿ 13ರದ್ದು ನಟ್ಟಿನ ಮೇಲೆ ಕೂರಲೊಪ್ಪದೆ, 14ರದ್ದು ಕೂತಂತೆ ಮಾಡಿ, ಮೈಯ ಬಲವೆಲ್ಲ ಹಾಕಿದ ಗಳಿಗೆಯಲ್ಲಿ ಜಾರಿ, ನಟ್ಟಿನ ಆರು ಮೂಲೆಗಳನ್ನೂ ಸವೆಸಿ ಗುಂಡಗೆ ಮಾಡಿದ ಮೇಲೆ. ಗುಂಡಗಾದ ನಟ್ಟಿಗೆ ಪ್ರಪಂಚದ ಯಾವ ಪದ್ಧತಿಯಲ್ಲೂ ಸ್ಪ್ಯಾನರು ಇಲ್ಲ.

ಬಣ್ಣ, ವೈರಿಂಗ್, ಸೀಟುಗಳ ವಿಷಯ ಹೇಳುವಂಥದ್ದಲ್ಲ. ಹಣ ಕೊಟ್ಟೆ, ಆಯಿತು. ಟೈರುಗಳನ್ನು ಮಾತ್ರ ನೆನೆಯಲೇಬೇಕು. ಟೈರಿನ ಪಕ್ಕೆಯಲ್ಲಿ ಅದು ತಯಾರಾದ ವಾರವನ್ನೂ ವರ್ಷವನ್ನೂ ನಾಲ್ಕು ಅಂಕಿಗಳಲ್ಲಿ ಒತ್ತುವ ರೂಢಿ 2000ದಿಂದ ಈಚಿನದು. ಅದಕ್ಕೆ ಮೊದಲು ಮೂರೇ ಅಂಕಿ ಇರುತ್ತಿದ್ದವು, ದಶಕ ಯಾವುದೆಂಬುದನ್ನು ಓದುಗರ ಊಹೆಗೆ ಬಿಡಲಾಗುತ್ತಿತ್ತು. ನನ್ನವು ಮೂರಂಕಿಯವು. “ಗೀರುಗಳು ಇನ್ನೂ ಆಳವಾಗಿವೆ, ಒಳ್ಳೆಯ ಟೈರು” ಎಂದು ಹೊಗಳಿದವರೂ ಇದ್ದರು.

ಎಂಜಿನ್ನಿಗೆ ಜೀವ ತರುವ ದಿನ ಬಂತು. ಇಂಥ ಗಾಡಿಯನ್ನು ಒದ್ದರೆ ಸಾಲದು, ಕ್ರಮವಾಗಿ ಒಲಿಸಿಕೊಳ್ಳಬೇಕು. ಪೆಟ್ರೋಲ್ ಕಾಕನ್ನು ತೆರೆದು, ಕೀಲಿ ತಿರುಗಿಸಿ, ಕಿಕ್ಕರನ್ನು ಮೆಲ್ಲಗೆ ಒತ್ತುತ್ತಾ, ವಿದ್ಯುತ್ತಿನ ಹರಿವು ತೋರಿಸುವ ಆಮೀಟರಿನ ಮುಳ್ಳು ನಡುವಿಗೆ ಬರುವುದನ್ನು ಕಾದಿದ್ದು, ಸಿಲಿಂಡರಿನ ಒತ್ತಡವನ್ನು ಹೊರಬಿಡುವ ಡಿಕಂಪ್ರೆಸರ್ ಎಳೆದು, ಪಿಸ್ಟನ್ ಶಿಖರ ದಾಟುವಷ್ಟು ಮಾತ್ರ ಕಿಕ್ಕರನ್ನು ಇನ್ನಷ್ಟು ಇಳಿಸಿ, ಎಲ್ಲವನ್ನೂ ಬಿಟ್ಟು, ಕಿಕ್ಕರ್ ಮೇಲೆ ಬಂದ ಮೇಲೆ ಮನಸ್ಸನ್ನು ಗಟ್ಟಿಮಾಡಿಕೊಂಡು ಒದೆಯಬೇಕು. ಎಂಜಿನ್ ಹತ್ತದಿದ್ದರೆ ಮೊದಲಿನಿಂದ ಮತ್ತೆ ಎಲ್ಲವೂ. ನೋಡಲು ನೆರೆದವರ ಎದುರು ಈ ವಿಧಿಯನ್ನು ತಪ್ಪದೆ ಮಾಡುವುದು ಕಷ್ಟ. ಏಕೆಂದರೆ ನೆರೆದವರಲ್ಲಿ ಪ್ರತಿಯೊಬ್ಬರ ಬಳಿಯೂ ಬೇರೆಯೇ ಒಂದು ವಿಧಿ ಇರುತ್ತದೆ.

ಅವರಲ್ಲಿ ಹಿರಿಯರೊಬ್ಬರು ತೆರೆದು ಮುಚ್ಚುತ್ತಾ ಕಿಡಿ ಹಾರಿಸುವ ಪಾಯಿಂಟುಗಳ ನಡುವಿನ ಸಂದನ್ನು ನೋಡಿ, “ಏನಪ್ಪಾ, ಇಷ್ಟಕ್ಕೆ ಫೀಲರ್ ಗೇಜು ಬೇಕೇ? ಹ್ಯಾಕ್ಸಾ ಬ್ಲೇಡು ಹಿಡಿಸಿದರೆ ಸಾಕು, ನಮ್ಮ ಕಾಲದಲ್ಲಿ ಅಷ್ಟೇ,” ಎಂದರು. ಅವರ ವಯಸ್ಸಿಗೆ ಮರ್ಯಾದೆ ಕೊಟ್ಟು ಹಾಗೆಯೇ ಮಾಡಲಾಯಿತು. ಇರಬೇಕಾದ ಸಂದು 0.35ರಿಂದ 0.40 ಮಿಲಿಮೀಟರ್, ಹ್ಯಾಕ್ಸಾ ಬ್ಲೇಡಾದರೋ ಅರ್ಧ ಮಿಲಿಮೀಟರಿಗಿಂತಲೂ ದಪ್ಪ. ಸಂದು ಹೆಚ್ಚಾದಷ್ಟೂ ಪಾಯಿಂಟು ಬೇಗ ತೆರೆದುಕೊಳ್ಳುತ್ತದೆ, ಕಿಡಿ ಬೇಗ ಹಾರುತ್ತದೆ, ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಅದರ ತಲೆಯ ಮೇಲೆ ಸ್ಫೋಟವಾಗಿ ಅದನ್ನು ಬಂದ ದಾರಿಗೇ ಹಿಂದಕ್ಕೆ ಅಟ್ಟುತ್ತದೆ. ಇದು ಸಿದ್ಧಾಂತ. ಪ್ರಯೋಗದಲ್ಲಿ, ನಾನು ಗಾಡಿಯನ್ನು ಒದ್ದೆ, ಗಾಡಿ ನನ್ನನ್ನು ಒದೆಯಿತು. ಅದರ ಒದೆತವೇ ಹೆಚ್ಚು ಸಮರ್ಪಕವಾಗಿತ್ತು. ಹಿರಿಯರು ಸಂತೋಷದಿಂದ, “ನೋಡಿದಿರಾ, ಜೀವ ಇದೆ!” ಎಂದರು. ಮೀನಖಂಡದ ಊತ ಇಳಿದ ಮೇಲೆ ಗೇಜು ತರಿಸಿ ಸಂದನ್ನು ಸರಿಮಾಡಿದೆ. ಗಾಡಿ ಹೊಗೆ ಉಗುಳಿ, ಕೆಮ್ಮಿ, ಕಡೆಗೆ ಉಸಿರಾಡಿತು.

ಉಸಿರಾಟದ ಹಿಂದೆಯೇ ಎಣ್ಣೆ ಸೋರಿಕೆಯೂ ಬಂತು. ನಾನು ಗಾಬರಿಗೊಂಡರೆ, ಅನುಭವಸ್ಥರು ನಕ್ಕು, “ಈ ಜಾತಿಯ ಗಾಡಿಯಲ್ಲಿ ಎಣ್ಣೆ ಸೋರುವುದು ನಿಂತರೆ ಭಯಪಡಬೇಕು, ಒಳಗೆ ಮುಗಿದಿದೆ ಎಂದರ್ಥ,” ಎಂದರು. ಮಾತು ತಮಾಷೆಯದೆಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅಂದಿನಿಂದ ಬೆಳಗಾದರೆ ಎಂಜಿನ್ನಿನ ಅಡಿ ಇಣುಕಿ, ನೆಲದ ಮೇಲೆ ಕಲೆ ಕಂಡ ಮೇಲೆಯೇ ಸಮಾಧಾನದಿಂದ ಹೊರಡುತ್ತಿದ್ದೆ.

ಸವಾರಿಯನ್ನೂ ಆ ಗಾಡಿ ತನ್ನ ಧರ್ಮದಂತೆಯೇ ಕಲಿಸಿತು. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. 1970ರ ದಶಕದ ಮಧ್ಯದಲ್ಲಿ ಅಮೆರಿಕವು ಎಡಗಾಲಿನ ಗೇರನ್ನು ಕಡ್ಡಾಯ ಮಾಡಿದ ಮೇಲೆ ಉಳಿದವರೂ ಬಹುಮಟ್ಟಿಗೆ ಅದೇ ದಾರಿ ಹಿಡಿದರು; ನನ್ನ ಕಾಲುಗಳಿಗೆ ಮಾತ್ರ ಆ ಸುದ್ದಿ ತಲುಪಲಿಲ್ಲ. ಗೆಳೆಯನೊಬ್ಬ ವಿಶ್ವಾಸದಿಂದ ತನ್ನ ಹೊಸ ಗಾಡಿಯನ್ನು ಒಂದು ಸುತ್ತಿಗೆ ಕೊಟ್ಟಾಗ, ಎಂಜಿನ್ ಇನ್ನೂ ಹತ್ತಿಲ್ಲವೆಂದು ಭಾವಿಸಿ ಓಡುತ್ತಿರುವ ಎಂಜಿನ್ನಿಗೇ ಮತ್ತೆ ಸ್ಟಾರ್ಟರ್ ಗುಂಡಿ ಒತ್ತಿದೆ. ಬಳಿಕ ವೇಗ ಹೆಚ್ಚಿಸಲು ಬಲಗಾಲಿನಿಂದ ಮೇಲಿನ ಗೇರು ಹಾಕಿದೆ, ಗಾಡಿ ಗಕ್ಕನೆ ನಿಂತಿತು. ಹಿಂಬದಿಯಲ್ಲಿ ಕೂತಿದ್ದ ಗೆಳೆಯನ ಹೆಲ್ಮೆಟ್ಟು ನನ್ನದಕ್ಕೆ ಬಡಿಯಿತು. ಇಳಿದವನೇ ಅಭ್ಯಾಸಬಲದಿಂದ ಬಗ್ಗಿ ಎಂಜಿನ್ನಿನ ಅಡಿ ನೋಡಿದೆ. ನೆಲ ಒಣಗಿತ್ತು.

“ಇದರಲ್ಲಿ ಎಣ್ಣೆ ಪೂರ್ತಿ ಮುಗಿದಂತಿದೆ ಕಣೋ, ಬೇಗ ತೋರಿಸು,” ಎಂದೆ, ನಿಜವಾದ ಕಳಕಳಿಯಿಂದ.

ಅವನು ಏನೂ ಹೇಳದೆ ಎಂಜಿನ್ನಿನ ಪಕ್ಕದಲ್ಲಿದ್ದ ಪುಟ್ಟ ಗಾಜಿನ ಕಿಂಡಿಯನ್ನು ತೋರಿಸಿದ. ಎಣ್ಣೆ ಎಷ್ಟಿದೆಯೆಂದು ಅದರಲ್ಲಿ ಇಣುಕಿ ನೋಡಬೇಕಂತೆ. ನನ್ನ ಗಾಡಿಗೆ ಅಂಥ ಕಿಂಡಿ ಬೇಕೆಂದು ನನಗೆ ಇಂದಿಗೂ ಅನ್ನಿಸಿಲ್ಲ. ನೆಲ ನೋಡಿದರೆ ಸಾಕು.