ಸ್ಪಷ್ಟನೆ: ಭದ್ರತಾ ಮ್ಯಾನೇಜರ್ ಸಂಬಳ ನಗರಕ್ಕೆ ಪುಕ್ಕಟೆಯಲ್ಲ

ಅಮೆರಿಕದ ನಗರಗಳಲ್ಲಿ ತುರ್ತು ನಿರ್ವಹಣೆ ಮತ್ತು ಭದ್ರತಾ ವಿಭಾಗದ ಮ್ಯಾನೇಜರ್ ಹುದ್ದೆಗೆ ಫೆಡರಲ್ ಅನುದಾನವೇ ಪೂರ್ತಿ ಸಂಬಳ ಕೊಡುತ್ತದೆ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು, ಎರಡು ಅನುದಾನಗಳನ್ನು ಕಲಸಿದ್ದರಿಂದ ಆದದ್ದು.

ಒಂದು ಇಎಂಪಿಜಿ, ಅಂದರೆ ತುರ್ತು ನಿರ್ವಹಣೆಗೆ ಕೊಡುವ ಫೆಡರಲ್ ಅನುದಾನ. ಇದರಲ್ಲಿ ಶೇ 50ರಷ್ಟು ಪಾಲು ಸ್ಥಳೀಯ ಆಡಳಿತದ್ದು. ಸಂಬಳ, ಭತ್ಯೆ ಸೇರಿ ಹುದ್ದೆಗೆ 1,60,000 ಡಾಲರ್ ಎಂದುಕೊಂಡರೆ ನಗರ 80,000 ಡಾಲರ್ ಹೊಂದಿಸಿ ತೋರಿಸಬೇಕು. ಇನ್ನೊಂದು ಯುಎಎಸ್‌ಐ, ಅಂದರೆ ಭಯೋತ್ಪಾದನೆಯ ಅಪಾಯ ಹೆಚ್ಚಿರುವ ನಗರ ಪ್ರದೇಶಗಳ ಭದ್ರತೆಗೆ ಕೊಡುವ ಅನುದಾನ. ಇದಕ್ಕೆ ಈ ಹೊಂದಾಣಿಕೆ ಪಾಲು ಬೇಡ. ಆದರೆ ಅಲ್ಲಿ ಒಟ್ಟು ಅನುದಾನದ ಶೇ 50ಕ್ಕಿಂತ ಹೆಚ್ಚನ್ನು ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿಲ್ಲ. ಮಿತಿ ಒಟ್ಟು ಮೊತ್ತಕ್ಕೆ, ಒಂದು ಹುದ್ದೆಗಲ್ಲ.

ಹೆಚ್ಚು ಎಡವುವುದು ಬೇರೆ ಕಡೆ. ನಗರದ ಬಜೆಟ್‌ನಲ್ಲಿ ಈಗಾಗಲೇ ಇರುವ ಸಂಬಳವನ್ನು ತೆಗೆದು ಅನುದಾನದ ತಲೆಗೆ ಕಟ್ಟುವಂತಿಲ್ಲ. ಮ್ಯಾನೇಜರ್ ಅರ್ಧ ದಿನ ಬೇರೆ ಕೆಲಸ ಮಾಡಿದರೆ ಅರ್ಧ ಸಂಬಳವನ್ನಷ್ಟೇ ಅನುದಾನಕ್ಕೆ ಬರೆಯಬೇಕು. ಬಜೆಟ್ ಅಂದಾಜು ಸಾಲದು, ನಿಜವಾಗಿ ಮಾಡಿದ ಕೆಲಸದ ದಾಖಲೆ ಬೇಕೇ ಬೇಕು. ಅದಿಲ್ಲದಿದ್ದರೆ ಲೆಕ್ಕಪರಿಶೋಧನೆಯಲ್ಲಿ ಹಣ ವಾಪಸ್ ಕಟ್ಟಬೇಕಾಗಬಹುದು.