ಕೋರಂ ಇಲ್ಲದ ಊರು

ಇಂದು ನಮ್ಮ ಪಂಚಾಯಿತಿಯ ಗ್ರಾಮಸಭೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಇಲ್ಲವೆಂಬ ಕಾರಣಕ್ಕೆ ಮುಂದಕ್ಕೆ ಹೋಯಿತು. ಕಾನೂನು ಕೇಳುವುದಾದರೂ ಎಷ್ಟು? ಮತದಾರರಲ್ಲಿ ಹತ್ತರಲ್ಲಿ ಒಂದು ಭಾಗ ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಅಷ್ಟನ್ನೂ ನಾವು ಹೊಂದಿಸಲಿಲ್ಲ. ನೋಡಲ್ ಅಧಿಕಾರಿ ಬಂದಿದ್ದರು, ಪಿಡಿಒ ಬಂದಿದ್ದರು, ಅರಣ್ಯ ಇಲಾಖೆಯವರೂ ಕರೆಂಟು ಕೊಡುವ ಸೆಸ್ಕ್ ಕಂಪನಿಯವರೂ ಕಡತ ಹಿಡಿದು ಕುಳಿತಿದ್ದರು. ಬಾರದವರೆಂದರೆ, ಆನೆ ತೋಟಕ್ಕೆ ನುಗ್ಗಿತೆಂದೂ ಕರೆಂಟು ಹೋಗಿ ಮೂರು ದಿನವಾಯಿತೆಂದೂ ವಾಟ್ಸಾಪ್ ಗುಂಪಿನಲ್ಲಿ ನಡುರಾತ್ರಿಯವರೆಗೆ ಗುಡುಗುವ ನಮ್ಮವರೇ.

ಜನ ಸೇರಿಸುವುದು ನಮಗೆ ತಿಳಿಯದ ವಿದ್ಯೆಯೇ? 1997ರಲ್ಲಿ ನಮ್ಮ ಕೊಡಗಿನ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳನ್ನು ಕಣಕ್ಕಿಳಿಸಿ ಗಿನ್ನೆಸ್ ದಾಖಲೆ ಸೇರಿತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರದ ಕಡೆ ಗುಡ್ಡಗಳು ಜಾರಿದಾಗ ಯಾರೂ ಕರೆಯದೆಯೇ ಜೀಪು ತೆಗೆದುಕೊಂಡು ಹೊರಟವರು ಇದೇ ಜನ. ಗುಡ್ಡ ಕುಸಿದ ಮೇಲೆ ನೆರವಿಗೆ ಓಡುವ ನಾವು, ಅದೇ ಗುಡ್ಡವನ್ನು ಕೊರೆಯುವ ಮೊದಲು ಪ್ರಶ್ನೆ ಕೇಳಬಹುದಾದ ಜಾಗಕ್ಕೆ, ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಆ ಸಭೆಗೆ, ಎರಡು ಗಂಟೆ ಕೊಡಲಾರೆವು.

“ಹೋಗಿ ಏನು ಪ್ರಯೋಜನ, ಎಲ್ಲವೂ ಮೊದಲೇ ತೀರ್ಮಾನವಾಗಿರುತ್ತದೆ” ಎಂದು ಒಬ್ಬ ಹಿರಿಯರು ಸಂಜೆ ಫೋನಿನಲ್ಲಿ ನನಗೇ ಬುದ್ಧಿ ಹೇಳಿದರು. ಖಾಲಿ ಕುರ್ಚಿಗಳ ಮುಂದೆ ತೀರ್ಮಾನ ಮಾಡುವುದಕ್ಕೆ ಯಾರಿಗೆ ತಾನೇ ಕಷ್ಟ? ಮನೆ ಯಾರಿಗೆ ಸಿಗಬೇಕು, ಕ್ರಿಯಾಯೋಜನೆಯಲ್ಲಿ ಯಾವ ರಸ್ತೆ ಸೇರಬೇಕು ಎಂಬುದೆಲ್ಲ ಚರ್ಚೆಗೆ ಬರುವುದು ಅಲ್ಲಿಯೇ. ಸಭೆಯಲ್ಲಿ ಎದ್ದುನಿಂತು ಹೇಳಿದ್ದು ನಡಾವಳಿ ಪುಸ್ತಕಕ್ಕೆ ಏರುತ್ತದೆ, ಏರಿದ್ದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆದು ಬೆನ್ನುಹತ್ತಬಹುದು. ಮದುವೆ ಮನೆಯಲ್ಲಿ ಸದಸ್ಯರ ಹೆಗಲಿಗೆ ಕೈಹಾಕಿ “ನಮ್ಮ ರಸ್ತೆ ಸ್ವಲ್ಪ ನೋಡು ಮಾರಾಯ” ಎಂದದ್ದು ಯಾವ ಪುಸ್ತಕದಲ್ಲಿದೆ?

ತೋಟದ ಸಾಲುಮನೆಗಳಲ್ಲಿ, ಅಂದರೆ ಲೈನ್‌ಮನೆಗಳಲ್ಲಿ, ಇರುವ ಕಾರ್ಮಿಕರು ಬರಲಿಲ್ಲವೆಂದು ನನಗೆ ಸಿಟ್ಟಿಲ್ಲ. ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಅವರ ಅಂದಿನ ಕೂಲಿ ಹೋಗುತ್ತದೆ. ಅವರಿಗೆ ಅರ್ಧ ದಿನದ ಸಂಬಳಸಹಿತ ಬಿಡುವು ಕೊಡಬೇಕಾದವರು ತೋಟದ ಮಾಲೀಕರಾದ ನಾವು. ಮಹಿಳಾ ಸದಸ್ಯರ ಬದಲು ಮಾತನಾಡಲು ಮಾತ್ರ ತಪ್ಪದೆ ಹಾಜರಾಗುವ ಪತಿರಾಯರ ವಿಷಯ ಇನ್ನೊಮ್ಮೆ ಬರೆಯುತ್ತೇನೆ, ರಕ್ತದೊತ್ತಡ ಇಳಿದ ಮೇಲೆ.

ನನ್ನನ್ನು ದೊಡ್ಡ ಸಮಾಜಸೇವಕನೆಂದು ಯಾರೂ ತಿಳಿಯಬೇಕಾಗಿಲ್ಲ. ಚುನಾವಣೆಗೆ ನಿಲ್ಲುವ ಆಸೆಯೂ ನನಗಿಲ್ಲ. ನಮ್ಮ ತೋಟದ ದಾರಿಗೆ ಒಂದು ಮೋರಿ ಬೇಕು, ಪ್ರತಿ ಮಳೆಗಾಲವೂ ಆ ದಾರಿ ತೋಡಾಗುತ್ತದೆ. ಆ ಸ್ವಾರ್ಥಕ್ಕಾಗಿಯೇ ಹೋಗುತ್ತೇನೆ. ನಿಮ್ಮ ಸ್ವಾರ್ಥಕ್ಕಾಗಿ ನೀವೂ ಬನ್ನಿ, ಬೇಡವೆನ್ನುವವರಿಲ್ಲ. ಮುಂದಿನ ದಿನಾಂಕ ತಿಳಿದೊಡನೆ ಇಲ್ಲಿಯೇ ಹಾಕುತ್ತೇನೆ. ಇದಕ್ಕೆ ಹೆಬ್ಬೆರಳು ಒತ್ತುವ ನಮ್ಮೂರಿನ ಬಂಧುಗಳು ಅಂದು ಹಾಜರಿ ಪುಸ್ತಕಕ್ಕೂ ಒಂದು ಸಹಿ ಹಾಕಿದರೆ ನೂರು ದಾಟುತ್ತದೆ.